ಕೊಡಲಿ ಹಿಡಿದ ಮನೆತನಗಳು

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೊದಲಂಕದಲ್ಲಿ, ಮೈಯೆಲ್ಲ ನೆತ್ತರಾಗಿ ಬಂದ ಯೋಧನೊಬ್ಬನು ದೊರೆ ಡಂಕನನಿಗೆ ರಣರಂಗದ ವಾರ್ತೆಯನ್ನು ಅರುಹುವ ಸಂದರ್ಭವೊಂದುಂಟು. ದಂಗೆಯೆದ್ದ ಸರದಾರನಿಗೆ ಪಡುವಣ ದ್ವೀಪಗಳಿಂದ ದಂಡು ಒದಗಿತೆಂದು ಹೇಳುತ್ತ ಅವನು ಎರಡು ವಿಚಿತ್ರ ಹೆಸರುಗಳನ್ನು ಎತ್ತುತ್ತಾನೆ: ಒಂದು ‘ಕರ್ನ್’, ಇನ್ನೊಂದು ‘ಗಾಲೋಗ್ಲಾಸ್’. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಿಂದಲೂ ಡಿ.ವಿ.ಜಿ.ಯವರ ಅನುವಾದದಿಂದಲೂ ಈ ನಾಟಕವು ಕನ್ನಡಿಗರಿಗೆ ಅಪರಿಚಿತವಲ್ಲ. ಆದರೆ ಕಾಲೇಜಿನಲ್ಲಿ ಮೂಲವನ್ನೇ ಓದಿದವರೂ ಈ ಎರಡು ಶಬ್ದಗಳ ಬಳಿಗೆ ಬಂದಾಗ ಅಡಿಟಿಪ್ಪಣಿಯನ್ನೊಮ್ಮೆ ನೋಡಿ, ‘ಐರಿಷ್ ಸೈನಿಕರು’ ಎಂದು ತಿಳಿದು, ಮುಂದೆ ಸಾಗುವುದೇ ವಾಡಿಕೆ. ಆ ಎರಡನೆಯ ಶಬ್ದದ ಹಿಂದೆ ಮುನ್ನೂರೈವತ್ತು ವರ್ಷಗಳ ಚರಿತ್ರೆಯಿದೆ. ಕಾಲಗಣನೆಯ ದೃಷ್ಟಿಯಿಂದ ನೋಡಿದರೆ ಕವಿಯ ಪ್ರಯೋಗ ಸರಿಯಲ್ಲ. ನಿಜವಾದ ಮ್ಯಾಕ್‌ಬೆತ್ ದೊರೆಯು ಮಡಿದದ್ದು ೧೦೫೭ರಲ್ಲಿ. ಗಾಲೋಗ್ಲಾಸ್ ಯೋಧರು ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಅದಕ್ಕೆ ಇನ್ನೂರು ವರ್ಷಗಳ ತರುವಾಯ. ಆದರೆ ಕವಿಯ ಕಾಲದ ಲಂಡನ್ನಿನಲ್ಲಿ ಈ ಹೆಸರು ಹಳೆಯ ಗ್ರಂಥಗಳ ಶಬ್ದವಾಗಿರಲಿಲ್ಲ. ಜನರಿಗೆ ಅದು ಕಣ್ಣಾರೆ ಕಂಡ ಭಯವಾಗಿತ್ತು.

ಐರ್ಲೆಂಡಿನ ಗೇಲಿಕ್ ಭಾಷೆಯಲ್ಲಿ ‘ಗಾಲ್’ ಎಂದರೆ ಪರದೇಶೀಯ. ‘ಓಗ್ಲಾಖ್’ ಎಂದರೆ ತರುಣ ಯೋಧ. ಎರಡೂ ಸೇರಿ ‘ಪರದೇಶದ ಯೋಧ’ ಎಂಬ ಅರ್ಥ. ಯಾವ ಪರದೇಶವೆಂದರೆ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ ಮತ್ತು ಹೆಬ್ರಿಡೀಸ್ ದ್ವೀಪಸಮೂಹ. ಈ ದ್ವೀಪಗಳನ್ನು ಐರಿಷರು ‘ಪರದೇಶೀಯರ ದ್ವೀಪಗಳು’ ಎಂದೇ ಕರೆಯುತ್ತಿದ್ದರು. ಒಂಬತ್ತನೆಯ ಶತಮಾನದಿಂದ ಅಲ್ಲಿ ನಾರ್ವೆಯ ಕಡಲ್ಗಳ್ಳರು ಬಂದು ನೆಲೆಸಿ, ಸ್ಥಳೀಯ ಗೇಲರೊಡನೆ ಹೆಣ್ಣು ಕೊಟ್ಟು ತಂದು, ಕ್ರಮೇಣ ಗೇಲಿಕ್ ಭಾಷೆಯನ್ನೇ ಮನೆಮಾತಾಗಿ ಸ್ವೀಕರಿಸಿದ್ದರು. ಹಡಗು ನಡೆಸುವ ಜಾಣ್ಮೆ ಮತ್ತು ಎರಡೂ ಕೈಯಿಂದ ಬೀಸುವ ಉದ್ದ ಹಿಡಿಯ ಕೊಡಲಿ, ಇವೆರಡು ಮಾತ್ರ ಅವರಲ್ಲಿ ತಾತಂದಿರ ಆಸ್ತಿಯಾಗಿ ಉಳಿದಿದ್ದುವು. ಹೀಗೆ ಐರ್ಲೆಂಡಿಗೆ ಬಂದಿಳಿದ ಈ ‘ಪರದೇಶೀಯರು’ ಆಡುವ ಮಾತು ಅಲ್ಲಿನವರ ಮಾತೇ. ನಡೆವ ನಡೆಯೂ ಬಹುಮಟ್ಟಿಗೆ ಅಲ್ಲಿಯದೇ. ಹೆಸರು ಮಾತ್ರ ಬೇರೆಯಾಗಿ ನಿಂತಿತು. ಗಡಿಯಾಚೆಗೆ ತಲೆಮಾರುಗಳಿಂದ ಬೇರೂರಿಯೂ ‘ಹೊರಗಿನವರು’ ಎಂಬ ಮಾತನ್ನು ಆಗಾಗ್ಗೆ ಕೇಳಬೇಕಾಗುವ ನಮ್ಮಂಥವರಿಗೆ ಇಂಥ ಹೆಸರಿನ ಹಠವು ಬೇಗನೆ ಅರ್ಥವಾದೀತು.

ಇವರ ಅಗತ್ಯ ಐರಿಷ್ ಅರಸರಿಗೆ ಏಕೆ ಬಿದ್ದಿತೆಂಬುದನ್ನು ಮೊದಲು ನೋಡಬೇಕು. ೧೧೬೬ರಲ್ಲಿ ಲೀನ್‌ಸ್ಟರ್ ಪ್ರಾಂತದ ಅರಸನಾದ ಡರ್ಮಟ್ ಮ್ಯಾಕ್‌ಮರೋನು ರಾಜ್ಯಭ್ರಷ್ಟನಾಗಿ ಇಂಗ್ಲೆಂಡಿನ ಆಶ್ರಯವನ್ನು ಬೇಡಿದನು. ೧೧೬೯ರಲ್ಲಿ ಅವನ ನೆರವಿಗೆಂದು ನಾರ್ಮನ್ ಸರದಾರರು ಬಂದಿಳಿದರು. ಎರಡೇ ವರ್ಷಗಳಲ್ಲಿ ಸ್ವತಃ ಎರಡನೆಯ ಹೆನ್ರಿ ದೊರೆಯೇ ಬಂದನು. ಬಂದವರು ಹಿಂದಿರುಗಲಿಲ್ಲ. ನಾರ್ಮನ್ನರ ಬಳಿ ಉಕ್ಕಿನ ಕವಚ ತೊಟ್ಟ ರಾವುತರಿದ್ದರು, ಬಿಲ್ಲಾಳುಗಳಿದ್ದರು, ಕಲ್ಲಿನ ಕೋಟೆ ಕಟ್ಟುವ ವಿದ್ಯೆಯಿತ್ತು. ಐರಿಷ್ ಸೇನೆಯಲ್ಲಿದ್ದುದು ಹಗುರ ಕುದುರೆಯ ಮೇಲಣ ಕುಲೀನರು ಮತ್ತು ‘ಕರ್ನ್’ ಎಂಬ ಬರಿಮೈಯ ಕಾಲಾಳುಗಳು. ಇವರು ಕಾಡು ಜೌಗುಗಳಲ್ಲಿ ಹೊಂಚು ಹಾಕಿ ಎರಗುವುದರಲ್ಲಿ, ತುರುಗೋಳು ನಡೆಸಿ ದನಗಳನ್ನು ಅಟ್ಟಿಕೊಂಡು ಹೋಗುವುದರಲ್ಲಿ ಅಪ್ರತಿಮರು. ಬಯಲಿನಲ್ಲಿ ಕವಚಧಾರಿಗಳ ಎದುರು ನಿಂತು ತಡೆಯುವುದು ಅವರಿಂದಾಗದು. ೧೨೬೦ರಲ್ಲಿ ಡೌನ್ ಎಂಬಲ್ಲಿ ನಡೆದ ಕಾಳಗದಲ್ಲಿ, ಐರಿಷರ ಮಹಾರಾಜನೆನಿಸಿಕೊಳ್ಳಲು ಹೊರಟಿದ್ದ ಬ್ರಯನ್ ಓನೀಲನು ಅನೇಕ ಕುಲಪತಿಗಳೊಡನೆ ಹತನಾದನು. ಶತ್ರುಗಳೆಲ್ಲ ಕಬ್ಬಿಣದಿಂದ ಮುಚ್ಚಿಕೊಂಡು ಬಂದಿರಲು ನಮ್ಮವರು ನಾರುಮಡಿಯ ಅಂಗಿ ತೊಟ್ಟು ರಣಕ್ಕೆ ನಡೆದರಲ್ಲಾ ಎಂದು ಆಗಿನ ಆಸ್ಥಾನಕವಿಯೊಬ್ಬನು ಹಾಡಿ ಅತ್ತಿದ್ದಾನೆ.

ಆ ಕಾಳಗಕ್ಕೆ ಒಂದು ವರ್ಷ ಮುಂಚೆ, ೧೨೫೯ರಲ್ಲಿ, ಒಂದು ಮದುವೆ ನಡೆಯಿತು. ಪಶ್ಚಿಮದ ಕಾನಾಟ್ ರಾಜ್ಯದ ಯುವರಾಜನಾದ ಏಡ್ ಓಕಾನರನು ಡೆರಿ ಪಟ್ಟಣಕ್ಕೆ ಹೋಗಿ ಹೆಬ್ರಿಡೀಸಿನ ದ್ವೀಪಾಧಿಪತಿ ಡೂಗಲ್ ಮ್ಯಾಕ್‌ರೋರಿಯ ಮಗಳನ್ನು ಕೈಹಿಡಿದು ಕರೆತಂದನು. ವಧುವಿನೊಡನೆ ಬಂದ ಬಳುವಳಿಯನ್ನು ಐರಿಷ್ ವರ್ಷಾವಳಿಗಳು ದಾಖಲಿಸಿವೆ: ನೂರ ಅರವತ್ತು ಮಂದಿ ತರುಣ ಯೋಧರು, ಅವರ ನಾಯಕನಾಗಿ ವಧುವಿನ ಮನೆತನದವನೇ ಆದ ಆಲನ್ ಎಂಬವನು. ಹೊನ್ನಲ್ಲ, ಹಸುವಲ್ಲ, ಕೊಡಲಿ ಹಿಡಿದ ಗಂಡಸರು! ವಾಚಕರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅಳಿಯನಿಗೆ ಇದಕ್ಕಿಂತ ಬೆಲೆಬಾಳುವ ಕೊಡುಗೆ ಆಗ ಇನ್ನೊಂದಿರಲಿಲ್ಲ. ಈ ಏಡ್ ಓಕಾನರನೇ ಅರಸನಾದ ಬಳಿಕ, ೧೨೭೦ರಲ್ಲಿ ಷಾನನ್ ನದಿಯ ಹಾಯಗಡದ ಬಳಿ ಅಲ್‌ಸ್ಟರಿನ ಅರ್ಲ್ ಪದವಿಯ ವಾಲ್ಟರ್ ಡಿ ಬರ್ಗನ ಸೇನೆಯನ್ನು ಸೋಲಿಸಿ ಓಡಿಸಿದನು.

ಕಡಲಿನ ಆಚೆಯಲ್ಲಿಯೂ ಕಾಲ ಕೂಡಿಬಂದಿತ್ತು. ಹೆಬ್ರಿಡೀಸ್ ದ್ವೀಪಗಳು ಅದುವರೆಗೆ ನಾರ್ವೆಯ ಅರಸನಿಗೆ ಸೇರಿದ್ದುವು. ೧೨೬೩ರಲ್ಲಿ ಹಾಕನ್ ದೊರೆಯು ದೊಡ್ಡ ನೌಕಾಪಡೆಯೊಡನೆ ಬಂದು, ಲಾರ್ಗ್ಸ್ ಎಂಬಲ್ಲಿ ಬಿರುಗಾಳಿಗೂ ಸ್ಕಾಟರಿಗೂ ಸಿಲುಕಿ ಹಿಂದೆಗೆದನು. ೧೨೬೬ರ ಪರ್ತ್ ಒಪ್ಪಂದದಿಂದ ದ್ವೀಪಗಳು ಸ್ಕಾಟ್ಲೆಂಡಿನ ಅರಸನ ವಶವಾದುವು. ಹೊಸ ಒಡೆತನದಲ್ಲಿ ಹಳೆಯ ಮನೆತನಗಳು ಕೆಲವು ಎದ್ದುವು, ಕೆಲವು ಬಿದ್ದುವು. ಬಿದ್ದವರಲ್ಲಿ ಮ್ಯಾಕ್‌ಸ್ವೀನಿಗಳ ಕಥೆ ಸ್ಪಷ್ಟವಾಗಿ ತಿಳಿದುಬಂದಿದೆ. ಸ್ಕಾಟ್ಲೆಂಡಿನ ನ್ಯಾಪ್‌ಡೇಲ್ ಸೀಮೆ ಇವರದಾಗಿತ್ತು. ಇವರ ಮೂಲಪುರುಷನ ಹೆಸರಿನಿಂದಲೇ ಕರೆಯಲ್ಪಡುವ ಸ್ವೀನ್ ಕೋಟೆಯು ಆ ದೇಶದ ಅತ್ಯಂತ ಹಳೆಯ ಕಲ್ಲುಕೋಟೆಗಳಲ್ಲೊಂದು. ಇಂದಿಗೂ ಕಡಲಂಚಿನಲ್ಲಿ ಪಾಳಾಗಿ ನಿಂತಿದೆ. ೧೨೬೨ರ ಸುಮಾರಿಗೆ ಇದು ಸ್ಟೂವರ್ಟ್ ಮನೆತನದವರ ಕೈಸೇರಿತು. ಸ್ವೀನಿಗಳು ಉತ್ತರ ಐರ್ಲೆಂಡಿನ ಡಾನೆಗಾಲ್ ಕರಾವಳಿಗೆ ವಲಸೆ ಬಂದರು. ತಾಯ್ನೆಲದ ಆಸೆ ಕೂಡಲೇ ಬಿಡಲಿಲ್ಲ. ೧೩೧೦ರಲ್ಲಿ ಇಂಗ್ಲೆಂಡಿನ ಎರಡನೆಯ ಎಡ್ವರ್ಡನು, ಗೆದ್ದುಕೊಳ್ಳಬಲ್ಲೆಯಾದರೆ ನ್ಯಾಪ್‌ಡೇಲ್ ನಿನ್ನದೆಂದು ಜಾನ್ ಮ್ಯಾಕ್‌ಸ್ವೀನಿ ಎಂಬವನಿಗೆ ಬರೆದುಕೊಟ್ಟನು. ಪರರ ಸ್ವತ್ತನ್ನು ದಾನಮಾಡುವುದು ಅರಸರಿಗೆ ಯಾವ ಕಾಲದಲ್ಲಿಯೂ ಸುಲಭವೇ. ಕೋಟೆ ಮರಳಿ ದೊರೆಯಲಿಲ್ಲ; ಕೋಟೆಯ ಮೇಲೆ ನಡೆದ ನೌಕಾಯಾತ್ರೆಯನ್ನು ಹೊಗಳುವ ಗೇಲಿಕ್ ಹಾಡೊಂದು ಮಾತ್ರ ಉಳಿಯಿತು.

ಇವರಂತೆಯೇ ಇತರ ಮನೆತನಗಳೂ ಬಂದುವು. ಮ್ಯಾಕ್‌ಡೊನೆಲ್ಲರು ಟಿರೋನ್ ಸೀಮೆಯ ಓನೀಲ್ ಅರಸರ ದಂಡನಾಯಕರಾದರು. ಅವರ ಶಾಖೆಗಳು ಕಾನಾಟ್, ಲೀನ್‌ಸ್ಟರ್ ಪ್ರಾಂತಗಳಿಗೂ ಹಬ್ಬಿದುವು. ಮ್ಯಾಕ್‌ರೋರಿ ಮತ್ತು ಮ್ಯಾಕ್‌ಡೌಯೆಲ್ಲರು ಕಾನಾಟಿನಲ್ಲಿ, ಮ್ಯಾಕ್‌ಕೇಬರು ಬ್ರೆಫ್ನಿಯ ಓರೈಲಿ ಮತ್ತು ಓರೂರ್ಕರ ಬಳಿಯಲ್ಲಿ ನೆಲೆನಿಂತರು. ಮ್ಯಾಕ್‌ಶೀಹಿಗಳು ದಕ್ಷಿಣಕ್ಕೆ ಹೋಗಿ ಡೆಸ್ಮಂಡಿನ ಅರ್ಲುಗಳ ಸೇವೆಯನ್ನು ಹಿಡಿದರು. ಈ ಅರ್ಲುಗಳು ಗೇಲರಲ್ಲ, ನಾರ್ಮನ್ ವಂಶಸ್ಥರು ಎಂಬುದನ್ನು ಗಮನಿಸಬೇಕು. ನಾರ್ಮನ್ನರನ್ನು ತಡೆಯಲೆಂದು ಕರೆಸಿದ ಕೊಡಲಿಗೆ ನಾರ್ಮನ್ನರೂ ಸಂಬಳ ಕೊಡತೊಡಗಿದ್ದರು.

ಗಾಲೋಗ್ಲಾಸ್ ಯೋಧನ ಆಕಾರ ವೇಷಗಳನ್ನು ಹಲವರು ವರ್ಣಿಸಿದ್ದಾರೆ. ಎತ್ತರದ ಮೈಕಟ್ಟಿನವರನ್ನೇ ಆರಿಸಿ ತೆಗೆಯುತ್ತಿದ್ದರು. ಒಳಗೆ ಹತ್ತಿಯನ್ನೋ ನಾರನ್ನೋ ತುಂಬಿ ಹೊಲಿದ ದಪ್ಪ ನಿಲುವಂಗಿ. ಅದರ ಮೇಲೆ ಉಕ್ಕಿನ ಕಿರುಬಳೆಗಳನ್ನು ಹೆಣೆದು ಮಾಡಿದ, ಮೊಳಕಾಲು ಮುಟ್ಟುವ ಕವಚ. ತಲೆಗೆ ಮೊನಚಾದ ಶಿರಸ್ತ್ರಾಣ. ಕೈಯಲ್ಲಿ ಆರಡಿ ಉದ್ದದ ಕೊಡಲಿ. ೧೬೦೦ರ ಸುಮಾರಿಗೆ ಐರ್ಲೆಂಡನ್ನು ಕುರಿತು ಬರೆದ ಜಾನ್ ಡಿಮ್ಮಕ್ ಎಂಬ ಆಂಗ್ಲನು ಆ ಕೊಡಲಿಯ ಅಲಗನ್ನು ಜೋಡು ಹೊಲಿಯುವವನ ರಂಪಿಗೆಗೆ ಹೋಲಿಸಿದ್ದಾನೆ. ಅದು ಬಿದ್ದಲ್ಲಿ ಬದುಕು ಉಳಿಯದೆಂದು ಹೇಳಿದ್ದಾನೆ. ಒಬ್ಬೊಬ್ಬ ಯೋಧನ ಹಿಂದೆಯೂ ಇಬ್ಬರು ಪರಿಚಾರಕರು: ಕವಚ ಹೊರುವವನೊಬ್ಬ, ಬುತ್ತಿ ಹೊರುವ ಹುಡುಗನೊಬ್ಬ. ಈ ಮೂವರ ಗುಂಪಿಗೆ ಕೊಡಲಿಯ ಹೆಸರೇ ಹೆಸರು; ಅಂಥ ಎಂಬತ್ತು ಗುಂಪುಗಳು ಸೇರಿದರೆ ಒಂದು ಪಡೆ. ಜರ್ಮನಿಯ ಸುಪ್ರಸಿದ್ಧ ಚಿತ್ರಕಾರ ಡ್ಯೂರರನು ೧೫೨೧ರಲ್ಲಿ ಬರೆದ ಐರಿಷ್ ಯೋಧರ ಚಿತ್ರವೊಂದು ಉಳಿದಿದೆ. ಐರ್ಲೆಂಡಿನ ರಾಸ್ಕಾಮನ್ ಮಠದಲ್ಲಿರುವ ಓಕಾನರ್ ಅರಸನ ಸಮಾಧಿಯ ಮುಂಭಾಗದಲ್ಲಿ ಕವಚ ಧರಿಸಿದ ಗಾಲೋಗ್ಲಾಸರ ಸಾಲನ್ನೇ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ.

ಅವರ ಕೆಲಸ ನಿಲ್ಲುವುದು. ರಾವುತರೂ ಕರ್ನರೂ ಮುನ್ನುಗ್ಗಿ ಹೊಡೆದು ಹಿಂದಕ್ಕೆ ಬರುವಾಗ ಅವರಿಗೆ ಬೆನ್ನಾಸರೆಯಾಗಿ, ಅಟ್ಟಿಬಂದ ಹಗೆಗೆ ಗೋಡೆಯಾಗಿ, ಇವರು ಕದಲದೆ ನಿಲ್ಲಬೇಕು. ಕೊಳ್ಳೆ ಹೊಡೆದ ದನಗಳನ್ನು ಮುಂದೆ ಅಟ್ಟಿ, ಹಿಂದಿನಿಂದ ಬೆನ್ನಟ್ಟುವವರನ್ನು ಇವರು ತಡೆದು ನಿಲ್ಲಿಸುವುದು ತುರುಗೋಳಿನ ಸಾಮಾನ್ಯ ಕ್ರಮ. ೧೫೪೩ರಲ್ಲಿ ಐರ್ಲೆಂಡಿನ ಆಂಗ್ಲ ಅಧಿಪತಿ ಆಂಥೊನಿ ಸೇಂಟ್‌ಲೆಜರನು ಎಂಟನೆಯ ಹೆನ್ರಿಗೆ ಬರೆದ ಓಲೆಯಲ್ಲಿ, ಇವರು ಸುಲಭವಾಗಿ ರಣಭೂಮಿಯನ್ನು ಬಿಡುವವರಲ್ಲ, ಸಾಯುವವರೆಗೂ ಪೆಟ್ಟು ತಡೆದುಕೊಂಡು ನಿಲ್ಲುತ್ತಾರೆ ಎಂದು ಮೆಚ್ಚಿ ನುಡಿದಿದ್ದಾನೆ.

ಇವರ ನಾಯಕನಿಗೆ ‘ಕಾನ್‌ಸ್ಟೇಬಲ್’ ಎಂಬ ಪದವಿ. ಆ ಮಾತು ಕೇಳಿದೊಡನೆ ನಮ್ಮ ಕಣ್ಮುಂದೆ ಠಾಣೆಯ ಪೇದೆ ನಿಲ್ಲುವುದು ಸಹಜ. ಆದರೆ ಗೇಲಿಕ್ ಅರಸನ ಕಾನ್‌ಸ್ಟೇಬಲನೆಂದರೆ ವಂಶಪಾರಂಪರ್ಯವಾಗಿ ಬಂದ ಮಹಾದಂಡನಾಯಕ. ಅವನ ಹಕ್ಕುಬಾಧ್ಯತೆಗಳ ವಿವರ ನಮಗೆ ಒಂದು ಅಪೂರ್ವ ಗ್ರಂಥದಲ್ಲಿ ದೊರೆಯುತ್ತದೆ. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ಡಾನೆಗಾಲಿನ ಫಾನಡ್ ಶಾಖೆಯವರು ಬರೆಸಿದ ‘ಸ್ವೀನಿ ಕುಲದ ಪುಸ್ತಕ’ವೇ ಅದು. ಓಡೊನೆಲ್ ಅರಸನು ಇವರಿಗೆ ಭೂಮಿಯನ್ನು ಉಂಬಳಿ ಬಿಟ್ಟಿದ್ದನು. ‘ಕಾಲು’ ಎಂದು ಅವರು ಕರೆಯುತ್ತಿದ್ದ ಒಂದು ಅಳತೆಯ ನೆಲಕ್ಕೆ ಇಬ್ಬರು ಗಾಲೋಗ್ಲಾಸರನ್ನು ಒದಗಿಸಬೇಕು. ಒಬ್ಬನು ಕಡಮೆಯಾದರೆ ಎರಡು ಹಸು ದಂಡ: ಆಳಿಗೊಂದು, ಆಳಿನ ಆಯುಧ ಕವಚಗಳಿಗೊಂದು. ಕೊಡಲಿಯೋ ಈಟಿಯೋ ಇಲ್ಲದೆ ಬಂದವನಿಗೆ ಅಲ್ಪ ದಂಡವುಂಟು. ಅದು ಕಾನ್‌ಸ್ಟೇಬಲನಿಗೆ ಸಲ್ಲತಕ್ಕದ್ದು, ಅರಸನಿಗೆ ಅದರಲ್ಲಿ ಪಾಲಿಲ್ಲ. ಶಿರಸ್ತ್ರಾಣವಿಲ್ಲದೆ ಬಂದವನಿಗೆ ಮಾತ್ರ ಯಾವ ದಂಡವೂ ಇಲ್ಲ. ಅಂಥವನು ತನ್ನ ಮಿದುಳಿನಿಂದಲೇ ದಂಡ ತೆರುತ್ತಾನೆಂಬುದು ಆ ಗ್ರಂಥಕಾರನ ವಾದ! ಶುಷ್ಕವಾದ ಕಾನೂನಿನ ನಡುವೆ ಇಂಥದೊಂದು ಮಾತನ್ನು ನುಸುಳಿಸಿದ ಆ ಲಿಪಿಕಾರನ ಮುಖವನ್ನು ಕಾಣಬೇಕೆನಿಸುತ್ತದೆ.

ಇನ್ನು ಕುಲಯುದ್ಧಗಳ ವಿಷಯ. ಗೇಲಿಕ್ ಸಮಾಜದಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ನಿಯಮವಿರಲಿಲ್ಲ. ಒಬ್ಬ ಮುತ್ತಜ್ಜನ ಸಂತತಿಯವರಾದ ಗಂಡಸರೆಲ್ಲರೂ ಪಟ್ಟಕ್ಕೆ ಅರ್ಹರು. ಅವರಲ್ಲಿ ಸಮರ್ಥನನ್ನು ಕುಲದವರು ಆರಿಸಬೇಕು. ಸಮರ್ಥನನ್ನು ಆರಿಸುವುದು ಒಳ್ಳೆಯ ಧರ್ಮವೇ ಸರಿ. ಆದರೆ ತಾನೇ ಸಮರ್ಥನೆಂದು ತೋರಿಸಿಕೊಳ್ಳುವ ಹಾದಿ ರಣರಂಗದ ಮೂಲಕ ಹೋಗುತ್ತಿತ್ತು. ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಒಬ್ಬರನ್ನೊಬ್ಬರು ಕೊಂದ, ಕಣ್ಣು ಕೀಳಿಸಿದ ಸಂಗತಿಗಳಿಂದ ವರ್ಷಾವಳಿಗಳ ಪುಟಗಳು ತುಂಬಿವೆ. ಹಿಂದೆ ಇಂಥ ಕಲಹಕ್ಕೆ ಇಳಿಯುವವನು ತನ್ನ ಕುಲದ ಜನರನ್ನು ಒಲಿಸಿಕೊಂಡು ದಂಡು ಕಟ್ಟಬೇಕಾಗಿತ್ತು. ಸುಗ್ಗಿಯ ಕಾಲ ಬಂದರೆ ಜನ ಮನೆಗೆ ಮರಳುತ್ತಿದ್ದರು. ಈಗ ಆ ತೊಡಕು ತಪ್ಪಿತು. ಸಂಬಳದ ದಂಡು ವರ್ಷವೆಲ್ಲ ಬಾಗಿಲಲ್ಲಿಯೇ ನಿಂತಿತ್ತು; ಅದಕ್ಕೆ ಕುಲದವರ ಒಪ್ಪಿಗೆ ಬೇಕಾಗಿರಲಿಲ್ಲ.

ಇದು ಹೇಗೆ ನಡೆಯಿತೆಂಬುದಕ್ಕೆ ಓಡೊನೆಲ್ ಮನೆತನವೇ ಸಾಕ್ಷಿ. ಡಾನೆಗಾಲಿನಲ್ಲಿ ಟಿರ್ಕಾನೆಲ್ ಎಂಬ ರಾಜ್ಯವನ್ನಾಳಿದ ಡಾನಲ್ ಓಗ್ ಓಡೊನೆಲನು ಬಾಲ್ಯದಲ್ಲಿ ಸ್ಕಾಟ್ಲೆಂಡಿನಲ್ಲಿ ಬೆಳೆದು ೧೨೫೮ರಲ್ಲಿ ಬಂದು ಪಟ್ಟವೇರಿದವನು. ಅವನಿಗೆ ಒಬ್ಬ ಹೆಂಡತಿ ಸ್ವೀನಿ ಕುಲದವಳು. ಇನ್ನೊಬ್ಬಳು ಡೊನೆಲ್ ಕುಲದವಳು. ೧೨೮೧ರಲ್ಲಿ ಅವನು ಯುದ್ಧದಲ್ಲಿ ಮಡಿದಾಗ ಸ್ವೀನಿ ಕುಲದ ಹೆಂಡತಿಯ ಮಗ ಏಡನು ಅರಸನಾದನು. ೧೨೯೦ರಲ್ಲಿ ಮಲತಮ್ಮನಾದ ಟರ್ಲೋ, ತನ್ನ ತಾಯಿಯ ಕಡೆಯ ಡೊನೆಲ್ ಕುಲದವರ ಮತ್ತು ಬೇರೆ ಅನೇಕ ಗಾಲೋಗ್ಲಾಸರ ಬಲದಿಂದ ಅಣ್ಣನನ್ನು ಪಟ್ಟದಿಂದ ಇಳಿಸಿದನು. ‘ಗಾಲೋಗ್ಲಾಸ್’ ಎಂಬ ಶಬ್ದವು ವರ್ಷಾವಳಿಗಳಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಈ ಪ್ರಸಂಗದಲ್ಲಿಯೇ. ನಾರ್ಮನ್ನರೊಡನೆ ನಡೆದ ಯಾವುದೋ ಮಹಾಯುದ್ಧದ ವರ್ಣನೆಯಲ್ಲಿ ಅದು ಬರಲಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ ಬಂದಿತು. ೧೨೯೫ರಲ್ಲಿ ನಾಡೆಲ್ಲ ಸೂರೆಯಾದ ಬಳಿಕ ಅಣ್ಣನು ತಮ್ಮನನ್ನು ಹೊರಗಟ್ಟಿದನು. ೧೩೦೩ರಲ್ಲಿ ಟರ್ಲೋ ಕಾಳಗದಲ್ಲಿ ಹತನಾದ ಮೇಲೆಯೇ ಈ ಕಲಹ ಮುಗಿದದ್ದು. ಎರಡು ಸೋದರಮಾವನ ಮನೆಗಳು ಎರಡು ಸಂಬಳದ ದಂಡುಗಳಾಗಿದ್ದಾಗ ದಾಯಾದಿ ಕಲಹವು ಹದಿಮೂರು ವರ್ಷ ನಡೆದುದರಲ್ಲಿ ಆಶ್ಚರ್ಯವೇನು?

ಈ ದಂಡಿನ ಹೊಟ್ಟೆ ತುಂಬಿಸಿದವರು ಯಾರು? ಗೇಲಿಕ್ ನಾಡಿನಲ್ಲಿ ನಾಣ್ಯದ ಚಲಾವಣೆ ಕಡಮೆ. ಗಾಲೋಗ್ಲಾಸನ ಸಂಬಳವನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಿದ್ದರು. ಅದರ ಬಹುಭಾಗ ಸಲ್ಲುತ್ತಿದ್ದುದು ದನ, ಹಿಟ್ಟು, ಬೆಣ್ಣೆಗಳ ರೂಪದಲ್ಲಿ. ಇದಕ್ಕೆ ‘ಬೊನಾಕ್ಟ್’ ಎಂದು ಹೆಸರು. ದಂಡನ್ನು ರೈತರ ಮನೆಗಳಲ್ಲಿ ಇಳಿಸಿ, ಆಳಿಗೂ ಹುಡುಗರಿಗೂ ಕುದುರೆಗೂ ಅವರಿಂದಲೇ ಊಟ ವಸತಿ ಮೇವುಗಳನ್ನು ಪಡೆಯುವ ಪದ್ಧತಿಯೂ ಇತ್ತು. ಒಂದು ಗುಡಿಸಲಿನಲ್ಲಿ ಆರಡಿ ಕೊಡಲಿಯ ಅತಿಥಿಯೊಬ್ಬನು ತನ್ನಿಬ್ಬರು ಹುಡುಗರೊಡನೆ ಕುಳಿತು ಬೆಣ್ಣೆ ಕೇಳುತ್ತಿದ್ದರೆ ಮನೆಯವನು ಇಲ್ಲವೆನ್ನುವುದೆಂತು? ನಾರ್ಮನ್ ಮೂಲದ ಪಾಳೆಯಗಾರರೂ ಇದೇ ಹಾದಿಯನ್ನು ಹಿಡಿದರು. ಡಬ್ಲಿನ್ನಿನ ಆಂಗ್ಲ ಅಧಿಕಾರಿಗಳು ಇದನ್ನು ಮಹಾಪಾತಕವೆಂದು ಹಳಿದು ಶಾಸನಗಳನ್ನು ಮಾಡುತ್ತಿದ್ದರು. ಅವರ ಶಾಸನ ಹೊತ್ತು ಬಂದ ಸೇನೆಯೂ ಅದೇ ರೈತನ ಕಣಜಕ್ಕೆ ಕೈಯಿಡುತ್ತಿತ್ತು. ಗಾಲೋಗ್ಲಾಸರ ಶೌರ್ಯವನ್ನು ಕೊಂಡಾಡುವ ಇತಿಹಾಸಕಾರರು ಈ ಬೆಣ್ಣೆಯ ಲೆಕ್ಕವನ್ನೂ ಮರೆಯದಿದ್ದರೆ ಲೇಸು. ಆ ರೈತನ ಹೆಸರು ಯಾವ ವರ್ಷಾವಳಿಯಲ್ಲಿಯೂ ಇಲ್ಲ.

ಮುನ್ನೂರು ವರ್ಷಗಳಲ್ಲಿ ಸಂಬಳದ ಆಳುಗಳು ಸೀಮೆಯ ಒಡೆಯರಾದರು. ಸ್ವೀನಿಗಳಲ್ಲಿ ಫಾನಡ್, ಡೋ, ಬಾನಾ ಎಂಬ ಮೂರು ಶಾಖೆಗಳಾಗಿ, ಮೂವರಿಗೂ ಕೋಟೆಗಳು, ಕವಿಗಳು, ಒಕ್ಕಲುಗಳು ಇದ್ದುವು. ೧೫೧೬ರಲ್ಲಿ ಫಾನಡಿನ ಸ್ವೀನಿಗಳು ರಾಥ್‌ಮಲ್ಲನ್ ಎಂಬ ಕಡಲತಡಿಯ ಊರಿನಲ್ಲಿ ಕಾರ್ಮೆಲೈಟ್ ಸಂನ್ಯಾಸಿಗಳಿಗೆ ಮಠವೊಂದನ್ನು ಕಟ್ಟಿಸಿಕೊಟ್ಟರು. ಆ ಮನೆಯ ಒಡತಿ ಮಾರಿ ಓಮಾಲಿಯು ತನ್ನ ನಿತ್ಯಪಾರಾಯಣಕ್ಕೆಂದು ಧರ್ಮಗ್ರಂಥವೊಂದನ್ನು ಬರೆಯಿಸಿಕೊಂಡಳು. ಮೇಲೆ ಹೇಳಿದ ಕುಲದ ಪುಸ್ತಕವು ಅದರ ಜತೆಗೆ ಸೇರಿಯೇ ಉಳಿದುಬಂದಿರುವುದು. ಅರಸುಮಕ್ಕಳನ್ನು ಸಾಕುವ ಗೌರವವೂ ಇವರಿಗೆ ಬಂದಿತು. ಗೇಲರಲ್ಲಿ ಮಕ್ಕಳನ್ನು ಸಾಕುಮನೆಗೆ ಕೊಡುವ ಸಂಬಂಧವು ರಕ್ತಸಂಬಂಧಕ್ಕೆ ಸಮಾನ. ೧೫೨೪ರಲ್ಲಿ ತೀರಿಕೊಂಡ ಬಾನಾ ಶಾಖೆಯ ನೀಲ್ ಮೋರನ ಸಮಾಧಿಯ ಕಲ್ಲು ಕಿಲಿಬೆಗ್ಸ್ ಊರಿನ ಚರ್ಚಿನಲ್ಲಿದೆ. ಅದರ ಮೇಲೆ ಕೊಡಲಿ ಹಿಡಿದ ಯೋಧರ ಆಕೃತಿಗಳೂ ದ್ವೀಪಗಳ ಶೈಲಿಯ ಹೆಣಿಗೆಯ ಚಿತ್ತಾರವೂ ಇವೆ. ನೆಲ ಬಿಟ್ಟು ಬಂದು ಎರಡೂವರೆ ಶತಮಾನಗಳಾಗಿದ್ದರೂ ಶಿಲ್ಪಿಯ ಕೈ ತಾಯ್ನೆಲದ ಬಳ್ಳಿಯನ್ನೇ ಬಿಡಿಸಿತು.

ಕೊಡಲಿಯ ಕುಲಗಳ ದೊಡ್ಡ ಕಾಳಗವೆಂದರೆ ೧೫೦೪ರ ಆಗಸ್ಟ್ ೧೯ರಂದು ಗಾಲ್ವೆಯ ಬಳಿ ನಾಕ್‌ಡೋ ಎಂಬ ಗುಡ್ಡದ ಮೇಲೆ ನಡೆದುದು. ಆ ಹೆಸರಿಗೆ ಗೇಲಿಕ್ ಭಾಷೆಯಲ್ಲಿ ‘ಕೊಡಲಿಗಳ ಗುಡ್ಡ’ ಎಂದೇ ಅರ್ಥ. ಒಂದು ಕಡೆ ಇಂಗ್ಲೆಂಡಿನ ಅರಸನ ಪ್ರತಿನಿಧಿಯಾಗಿದ್ದ ಕಿಲ್‌ಡೇರಿನ ಅರ್ಲ್ ಜೆರಾಲ್ಡನು. ಇನ್ನೊಂದು ಕಡೆ ಅವನ ಸ್ವಂತ ಅಳಿಯನೇ ಆದ ಅಲಿಕ್ ಬರ್ಕನು. ಇಬ್ಬರೂ ನಾರ್ಮನ್ ಮೂಲದವರು. ಜೆರಾಲ್ಡನ ಪಕ್ಷದಲ್ಲಿ ಓಡೊನೆಲ್ ಮೊದಲಾದ ಗೇಲಿಕ್ ಅರಸರು. ಬರ್ಕನ ಪಕ್ಷದಲ್ಲಿ ಓಬ್ರಯನ್ ಮೊದಲಾದವರು. ಗಾಲೋಗ್ಲಾಸರು ಎರಡು ಪಕ್ಷದಲ್ಲಿಯೂ ಇದ್ದರು. ಬಂದೂಕೊಂದು ಆ ರಣರಂಗದಲ್ಲಿದ್ದಿತಂತೆ. ಅದನ್ನು ಹಿಡಿದವನು ಗುಂಡು ಹಾರಿಸುವ ಬದಲು ಎರಡು ಕೈಯಿಂದ ಎತ್ತಿ ದೊಣ್ಣೆಯಂತೆ ಬೀಸಿದನಂತೆ. ಬರ್ಕನ ಒಂಬತ್ತು ಗಾಲೋಗ್ಲಾಸ್ ಪಡೆಗಳಲ್ಲಿ ಮುರಿದುಹೋದ ಒಂದು ಪಡೆ ಮಾತ್ರ ಉಳಿಯಿತೆಂದು ವರ್ಷಾವಳಿಗಳು ಹೇಳುತ್ತವೆ. ಗೆದ್ದ ಮಾವನಿಗೆ ಇಂಗ್ಲೆಂಡಿನ ಅರಸನು ಗಾರ್ಟರ್ ಬಿರುದನ್ನು ದಯಪಾಲಿಸಿದನು. ಇದನ್ನು ಗೇಲರಿಗೂ ಆಂಗ್ಲರಿಗೂ ನಡೆದ ಸ್ವಾತಂತ್ರ್ಯಯುದ್ಧವೆಂದು ಓದಲು ಹೋದರೆ ಯಾರು ಯಾರೆಂಬುದೇ ತಿಳಿಯದು. ಲೀನ್‌ಸ್ಟರಿನ ಮ್ಯಾಕ್‌ಡೊನೆಲ್ಲರಂತೂ ಕಾಲಕ್ರಮದಲ್ಲಿ ‘ರಾಣಿಯ ಗಾಲೋಗ್ಲಾಸರು’ ಎನಿಸಿಕೊಂಡು ಆಂಗ್ಲ ಸರಕಾರದ ಸಂಬಳವನ್ನೇ ಉಂಡರು.

ಆ ರಾಣಿ ಎಲಿಜಬೆತ್. ೧೫೬೨ರ ಜನವರಿಯಲ್ಲಿ ಟಿರೋನಿನ ಷೇನ್ ಓನೀಲನು ಅವಳ ಮುಂದೆ ತಲೆಬಾಗಿಸಲು ಲಂಡನ್ನಿಗೆ ಹೋದಾಗ ಬೆಂಗಾವಲಿಗೆ ಗಾಲೋಗ್ಲಾಸರನ್ನು ಕರೆದೊಯ್ದನು. ಬರಿದಲೆ, ಹೆಗಲ ಮೇಲೆ ಇಳಿಬಿದ್ದ ಗುಂಗುರು ಕೂದಲು, ಕುಂಕುಮಕೇಸರಿಯ ಬಣ್ಣದ ಅಗಲ ತೋಳಿನ ಅಂಗಿ, ಕೈಯಲ್ಲಿ ಕೊಡಲಿ: ಬೀದಿಯ ಜನರು ಇವರನ್ನು ಯಾವುದೋ ಹೊಸ ಖಂಡದಿಂದ ಬಂದವರೆಂಬಂತೆ ಬೆರಗಾಗಿ ನೋಡಿದರೆಂದು ಚರಿತ್ರಕಾರ ಕ್ಯಾಮ್‌ಡನ್ ಬರೆದಿದ್ದಾನೆ. ಷೇನನಿಗೆ ಆ ವೈಭವ ಬಹುಕಾಲ ಉಳಿಯಲಿಲ್ಲ. ೧೫೬೭ರ ಮೇ ತಿಂಗಳಲ್ಲಿ ಅವನು ಸ್ವಿಲಿ ನದಿಯ ಮುಖಜ ಭೂಮಿಯನ್ನು ದಾಟಿ ಓಡೊನೆಲನ ಮೇಲೆ ಏರಿಹೋದನು. ಸ್ವೀನಿಗಳು ಓಡೊನೆಲನಿಗೆ ನೆರವಾದರು. ಸೋತು ಹಿಂದೆ ತಿರುಗುವಷ್ಟರಲ್ಲಿ ಕಡಲು ಉಕ್ಕಿ ಹಾಯಗಡ ಮುಚ್ಚಿಹೋಗಿತ್ತು. ಕವಚದ ಭಾರ ಹೊತ್ತವರು ನೀರಿನಲ್ಲಿ ಏನಾದರೆಂಬುದನ್ನು ಹೇಳಬೇಕಾಗಿಲ್ಲ. ಮುಂದಿನ ತಿಂಗಳು ಷೇನನೂ ಕೊಲೆಯಾದನು.

೧೫೬೯ರಲ್ಲಿ ಮತ್ತೊಂದು ಮದುವೆ. ಷೇನನ ಬಳಿಕ ಓನೀಲನಾದ ಟರ್ಲೋ ಲಿನಾ ಎಂಬವನು ಸ್ಕಾಟ್ಲೆಂಡಿನ ಆಗ್ನೆಸ್ ಕ್ಯಾಂಬೆಲ್ ಎಂಬ ವಿಧವೆಯನ್ನು ವರಿಸಿದನು. ಅವಳ ಬಳುವಳಿಯಾಗಿಯೂ ಯೋಧರು ಬಂದರು. ಆದರೆ ಇವರು ಹಳೆಯ ಮಾದರಿಯವರಲ್ಲ. ಬೇಸಗೆಯಲ್ಲಿ ಬಂದು ಕಾದಾಡಿ, ಚಳಿಗಾಲಕ್ಕೆ ಊರಿಗೆ ಮರಳುವ ‘ಕೆಂಗಾಲಿನವರು’. ಅವರಿಗೆ ಉಂಬಳಿ ಬೇಕಾಗಿಲ್ಲ, ನೆಲದ ನಂಟು ಬೇಕಾಗಿಲ್ಲ. ಇತ್ತ ಬಂದೂಕು ಈಗ ದೊಣ್ಣೆಯಾಗಿ ಉಳಿದಿರಲಿಲ್ಲ. ದಕ್ಷಿಣದಲ್ಲಿ ಡೆಸ್ಮಂಡಿನ ಅರ್ಲನು ಬಂಡೆದ್ದು ೧೫೮೩ರಲ್ಲಿ ಕೊಲೆಯಾದಾಗ ಅವನನ್ನು ನಂಬಿದ್ದ ಮ್ಯಾಕ್‌ಶೀಹಿಗಳೂ ನೆಲಕಚ್ಚಿದರು. ೧೫೮೫ರಲ್ಲಿ ಕಾನಾಟ್ ಪ್ರಾಂತದಲ್ಲಿ ಹಳೆಯ ದಂಡಿನ ತೆರಿಗೆಗಳನ್ನೆಲ್ಲ ತೆಗೆದುಹಾಕಿ ನಿಗದಿಯಾದ ಕಂದಾಯವನ್ನು ಗೊತ್ತುಮಾಡಿದರು. ಸಂಬಳದ ಮೂಲವೇ ಹೀಗೆ ಬತ್ತಿತು. ೧೫೯೦ರ ದಶಕದಲ್ಲಿ ಇಂಗ್ಲೆಂಡಿನೊಡನೆ ಒಂಬತ್ತು ವರ್ಷ ಹೋರಾಡಿದ ಹ್ಯೂ ಓನೀಲನು ತನ್ನವರಿಗೆ ಕಲಿಸಿದುದು ಬಂದೂಕು ಮತ್ತು ಉದ್ದ ಈಟಿಯ ಕವಾಯತನ್ನು; ಕೊಡಲಿಯನ್ನಲ್ಲ. ೧೫೯೮ರಲ್ಲಿ ಅವನು ಗೆದ್ದನು. ೧೬೦೧ರ ಡಿಸೆಂಬರಿನಲ್ಲಿ ದಕ್ಷಿಣದ ಕಿನ್ಸೇಲ್ ಬಯಲಿನಲ್ಲಿ ಸೋತನು. ೧೬೦೩ರಲ್ಲಿ ಶರಣಾದನು.

ರಾಥ್‌ಮಲ್ಲನ್ ಊರಿನ ಹೆಸರನ್ನು ಮೇಲೆ ಹೇಳಿದೆ. ೧೫೮೭ರಲ್ಲಿ ಅಲ್ಲಿಯೇ, ಸ್ವೀನಿಗಳ ಅತಿಥಿಯಾಗಿದ್ದ ಬಾಲಕ ಹ್ಯೂ ಓಡೊನೆಲನನ್ನು ಆಂಗ್ಲರು ದ್ರಾಕ್ಷಾಮದ್ಯದ ಹಡಗಿನ ನೆಪದಲ್ಲಿ ಹತ್ತಿಸಿಕೊಂಡು ಡಬ್ಲಿನ್ ಸೆರೆಮನೆಗೆ ಒಯ್ದಿದ್ದರು. ಇಪ್ಪತ್ತು ವರ್ಷಗಳ ಬಳಿಕ, ೧೬೦೭ರ ಸೆಪ್ಟೆಂಬರಿನಲ್ಲಿ, ಅದೇ ದಡಕ್ಕೆ ಇನ್ನೊಂದು ಹಡಗು ಬಂದಿತು. ಹ್ಯೂ ಓನೀಲನೂ, ಆ ಬಾಲಕನ ತಮ್ಮ ರೋರಿ ಓಡೊನೆಲನೂ ತಮ್ಮ ಪರಿವಾರದೊಡನೆ ಐರ್ಲೆಂಡನ್ನು ಶಾಶ್ವತವಾಗಿ ಬಿಟ್ಟು ಹೊರಟಿದ್ದರು. ಗೇಲಿಕ್ ಅರಸೊತ್ತಿಗೆಯು ಅಂದಿಗೆ ಕೊನೆಗೊಂಡಿತು. ಜತೆಯಲ್ಲಿದ್ದ ಟೀಗ್ ಓಕೀನನ್ ಎಂಬವನು ಆ ಯಾತ್ರೆಯ ವೃತ್ತಾಂತವನ್ನು ಗೇಲಿಕ್ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಹಡಗಿಗೆ ನೀರು ಸೌದೆಗಳನ್ನು ತುಂಬಿಕೊಳ್ಳಲೆಂದು ಆಳುಗಳನ್ನು ದಡಕ್ಕೆ ಕಳುಹಿಸಿದರು. ಆಗ ಫಾನಡಿನ ಮ್ಯಾಕ್‌ಸ್ವೀನಿಯ ಮಗನು ಆ ಸೀಮೆಯ ಜನರೊಡನೆ ಬೆನ್ನಟ್ಟಿ ಬಂದು ಅವರ ಮೇಲೆ ಬಿದ್ದನು. ಎರಡು ಕಡೆಯವರೂ ಕಾದಾಡಿದರು. ಓಡೊನೆಲ್ಲರ ಬೆನ್ನಾಸರೆಯಾಗಿ ಮುನ್ನೂರು ವರ್ಷ ನಿಂತ ಕುಲದವರ ಕೈಯಿಂದ ತಪ್ಪಿಸಿಕೊಂಡು, ಆಳುಗಳು ಬಹು ಕಷ್ಟದಿಂದ ಒಂದಿಷ್ಟು ನೀರನ್ನೂ ಸೌದೆಯನ್ನೂ ಹಡಗಿಗೆ ತಂದರು.